ನಾನೂ ಕುಂಡ್ರತೇನಿ, ನಡೀರಿ

ತಿಕೋಟಾದಲ್ಲಿ ವಿಜಯಪುರದ ರಸ್ತೆಗೆ ಮುಖ ಮಾಡಿ ಗಾಡಿ ರಿಪೇರಿಯ ಒಂದು ತಗಡಿನ ಶೆಡ್ಡು ಇತ್ತು. ಈಗ ಖಾಲಿ ಬಿದ್ದ ಅದರ ಮುಂದೆ ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತದೆ. ಹೋದ ವಾರ ಅಲ್ಲಿ ನಿಂತು ಹಾಲು ಕುಡಿಯುತ್ತಿದ್ದೆ. ಪಕ್ಕದಲ್ಲಿದ್ದವನೊಬ್ಬ ಶೆಡ್ಡಿನ ಕಡೆ ಕೈ ಮಾಡಿ, ಇಲ್ಲೊಬ್ಬ ಅಂಜುಬುರುಕ ಮಿಸ್ತ್ರಿ ಇದ್ದ, ಕಡೆಕಡೆಗೆ ಕಣ್ಣು ಹೋಗಿದ್ದವು, ಯಾರೋ ಅಕ್ಕೋರ ಗಾಡಿಗೆ ಬೆಲ್ಟ್ ತಪ್ಪು ಹಾಕಿ ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟಿದ್ದ ಎಂದು ನಗುತ್ತ ಹೇಳಿದ. ನಮ್ಮ ಕಡೆ ಶಾಲೆಯ ಮಾಸ್ತರಿಣಿಗೆ ಅಕ್ಕೋರು ಅನ್ನುತ್ತಾರೆ. ಆ ಅಕ್ಕೋರು ನಾನೇ. ಮೈಯೆಲ್ಲ ಉರಿದುಹೋಯಿತು. ಲೇ ತಮ್ಮಾ, ನಿನಗೇನು ಗೊತ್ತು ಎಂದು ಕೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಗ್ಲಾಸು ಹಚ್ಚಿ ಉಳಿದ ಹಾಲು ಕುಡಿದು ಮನೆಗೆ ಬಂದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ನಿಜ ಹೇಳಬೇಕು ಅಂತ ಪಾಠ ಮಾಡಿದವಳ ಹಣೆಬರಹ ನೋಡಿ.

ಮಿಸ್ತ್ರಿ ಅಂಜುತ್ತಿದ್ದದ್ದು ಹೌದು. ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಯಾರನ್ನು ಏನು ಕೇಳಿದರೂ 'ಏನೂ ಆಗೂದಿಲ್ಲ ಹೋಗ್ರಿ' ಎನ್ನುವುದು ರೂಢಿ. ಬಸ್ಸಿನ ಡ್ರೈವರು ಅನ್ನುತ್ತಾನೆ, ದವಾಖಾನೆಯ ಕಂಪೌಂಡರು ಅನ್ನುತ್ತಾನೆ, ದ್ರಾಕ್ಷಿ ಒಣಹಾಕಿದವನು ತಲೆ ಮೇಲೆ ಮೋಡ ಕಟ್ಟಿದ್ದನ್ನು ನೋಡುತ್ತ ನಿಂತೇ ಅನ್ನುತ್ತಾನೆ. ಈ ಮನುಷ್ಯನ ಬಾಯಲ್ಲಿ ಮಾತ್ರ ಆ ಮಾತು ಯಾರೂ ಕೇಳಿದವರಿಲ್ಲ. ಗಾಡಿ ರಿಪೇರಿ ಮುಗಿದ ಮೇಲೆ, ಇನ್ನೇನೂ ಆಗುವುದಿಲ್ಲವಲ್ಲ ಮಿಸ್ತ್ರಿ ಎಂದು ಗಿರಾಕಿ ಕೇಳಿದರೆ ಅವರು ಅರಿವೆಗೆ ಕೈ ಒರೆಸಿಕೊಳ್ಳುವರು, ಪಾನಾಗಳ, ಅಂದರೆ ಸ್ಪ್ಯಾನರುಗಳ, ಚೀಲ ಹೆಗಲಿಗೆ ಹಾಕುವರು, ಶೆಡ್ಡಿನ ಬಾಗಿಲು ಎಳೆಯುವರು. "ನಾನೂ ಕುಂಡ್ರತೇನಿ, ನಡೀರಿ." ಇಷ್ಟೇ ಮಾತು.

ರಿಪೇರಿಯಾದ ಗಾಡಿಯ ಮೊದಲ ಪಯಣಕ್ಕೆ ಅವರು ಎಡಗಡೆ ಸೀಟಿನಲ್ಲಿ ಕೂತೇ ಕೂರುತ್ತಿದ್ದರು. ಗಾಡಿ ಕಳ್ಳಕವಟಗಿಗೆ ಹೋದರೆ ಅವರೂ ಕಳ್ಳಕವಟಗಿಗೆ, ಬಬಲೇಶ್ವರಕ್ಕೆ ಹೋದರೆ ಬಬಲೇಶ್ವರಕ್ಕೆ. ವಾಪಸು ಬಸ್ಸಿಗೋ ಜೀಪಿಗೋ ತಮ್ಮ ಖರ್ಚಿನಲ್ಲಿ ಬರುವುದು. ಪುಕ್ಕಟೆ ಊರು ಸುತ್ತುವ ಮಿಸ್ತ್ರಿ ಅಂತ ಜನ ಚೇಷ್ಟೆ ಮಾಡುತ್ತಿದ್ದರು. ಕೂತ ತಕ್ಷಣ ಚಪ್ಪಲಿ ಕಳಚಿ ಬದಿಗೆ ಸರಿಸಿ ಬರಿಗಾಲನ್ನು ಗಾಡಿಯ ತಳಕ್ಕೆ ಒತ್ತಿ ಇಡುತ್ತಿದ್ದರು. ಹಾಡು ಹಚ್ಚಬಾರದು, ಮಾತಾಡಬಾರದು. ಕಿವಿಗೆ ಮೋಸ ಆಗತೈತಿ, ಅಂಗಾಲಿಗೆ ಆಗೂದಿಲ್ಲ ಎನ್ನುತ್ತಿದ್ದರು. ಎಂಜಿನ್ನಿನ ನಡುಕ ಅವರಿಗೆ ಅಂಗಾಲಿನಿಂದ ತಿಳಿಯುತ್ತಿತ್ತು.

ಅಂಜಿಕೆಯ ವಿಷಯದಲ್ಲಿ ನಾನೇನು ಕಡಿಮೆಯವಳಲ್ಲ. ನಲವತ್ತೆಂಟು ದಾಟಿದ ಮೇಲೆ ಕಾರು ಕಲಿತೆ. ಹೌಸಿಗೆ, ಶೋಕಿಗೆ ಕಲಿತದ್ದಲ್ಲ. ಒಣದ್ರಾಕ್ಷಿ ವ್ಯಾಪಾರ ಮಾಡಿಕೊಂಡು ಗುಂಡುಕಲ್ಲಿನ ಹಾಗಿದ್ದ ನಮ್ಮ ಯಜಮಾನರಿಗೆ ಕಿಡ್ನಿ ಎರಡೂ ಕೈಕೊಟ್ಟವು. ಸೋಮವಾರ, ಗುರುವಾರ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬಸ್ಸು ಬೇಕಾದಷ್ಟಿವೆ, ನಿಜ. ಆದರೆ ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು ಎದ್ದ ಮನುಷ್ಯ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಬರಲಿಕ್ಕಾಗುತ್ತದೆಯೇ? ನೌಕರಿ ಬಿಟ್ಟೆ, ಹಳೆಯ ಕಾರೊಂದನ್ನು ಕೊಂಡೆವು, ನಾನು ಸ್ಟೇರಿಂಗು ಹಿಡಿದೆ. ಒಂದು ದಿನವೂ ಧೈರ್ಯವಾಗಿ ಓಡಿಸಿದವಳಲ್ಲ. ಹಿಂದಿನ ಸೀಟಿನಲ್ಲಿ ಅವರ ತಲೆ ಕಿಟಕಿಗೆ ವಾಲುತ್ತಿತ್ತು. ನಿದ್ದೆಯೋ ಮತ್ತೊಂದೋ ಎಂದು ಕನ್ನಡಿಯಲ್ಲಿ ನೋಡಬೇಕು, ರಸ್ತೆಯನ್ನೂ ನೋಡಬೇಕು.

ಆ ವರ್ಷದ ನವರಾತ್ರಿಯ ಗುರುವಾರ, ಡಯಾಲಿಸಿಸ್ ಮುಗಿಸಿ ಬರುತ್ತ ಶೆಡ್ಡಿನ ಮುಂದೆ ನಿಲ್ಲಿಸಿದೆ. ಏನೋ ಕಿಚಪಿಚ ಸದ್ದು ಬರುತ್ತಿತ್ತು. ಗಾಡಿ ಅಲ್ಲೇ ಬಿಟ್ಟು ಯಜಮಾನರನ್ನು ಆಟೋದಲ್ಲಿ ಮನೆ ಮುಟ್ಟಿಸಿ ಬರುವಷ್ಟರಲ್ಲಿ ಮಿಸ್ತ್ರಿ ಎಂಜಿನ್ನಿನ ಬದಿಯ ಮುಚ್ಚಳ ತೆಗೆದು ನೋಡುತ್ತಿದ್ದರು. ಟೈಮಿಂಗ್ ಬೆಲ್ಟ್ ಸೀಳು ಬಿಟ್ಟಿದೆ, ಇವತ್ತೋ ನಾಳೆಯೋ ಹರಿಯುತ್ತಿತ್ತು ಎಂದರು. ನನಗೆ ತಿಳಿಯಲೆಂದು ಬಿಡಿಸಿ ಹೇಳಿದರು. ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ, ಎರಡಕ್ಕೂ ಕೂಡಿ ಈ ಒಂದು ಬೆಲ್ಟು. ಎರಡೂ ತಾಳ ತಪ್ಪದೆ ತಿರುಗಬೇಕು. ಒಂದು ಹಲ್ಲು ಆಚೀಚೆಯಾದರೆ ನಿಂತಲ್ಲೇ ಗಾಡಿ ನಡುಗುತ್ತದೆ. ಮೂರು ನಾಲ್ಕು ಹಲ್ಲು ಹಾರಿದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಮುರಿದು ಎಂಜಿನ್ನೇ ಮುಗಿಯುತ್ತದೆ.  ಇಲ್ಲಿಯವರೆಗೂ ಆ ಬೆಲ್ಟಿನ ಮೇಲೆ ನಂಬಿಕೆಯಿಟ್ಟು ಜೀವ ಒಯ್ದು ಜೀವ ತಂದಿದ್ದೆನಲ್ಲ!

ಹಳೆಯ ಬೆಲ್ಟು ಬಿಚ್ಚುವ ಮೊದಲು ಅವರೊಂದು ಕೆಲಸ ಮಾಡಿದರು. ಕಿಸೆಯಿಂದ ತಂಬಾಕಿನ ಸುಣ್ಣದ ಡಬ್ಬಿ ತೆಗೆದು, ಕಡ್ಡಿಯ ತುದಿಗೆ ಸುಣ್ಣ ಹಚ್ಚಿಕೊಂಡು, ಚಕ್ರದ ಒಂದು ಹಲ್ಲಿಗೂ ಅದರ ಎದುರಿಗಿದ್ದ ಎಂಜಿನ್ನಿನ ಮೈಗೂ ಸಣ್ಣ ಬಿಳಿ ಗುರುತು ಇಟ್ಟರು. ಮೇಲಿನ ಚಕ್ರಕ್ಕೊಂದು ಜೋಡಿ, ಕೆಳಗಿನದಕ್ಕೊಂದು ಜೋಡಿ. ಹೊಸ ಬೆಲ್ಟು ಹಾಕುವಾಗ ಬಿಳಿಗೆ ಬಿಳಿ ಕೂಡಿದರೆ ಸರಿ. ಕಂಪನಿಯವರು ಕೊರೆದ ಚುಕ್ಕೆ ಇದ್ದೇ ಇತ್ತಂತೆ, ಸವೆದು ಹೋಗಿ ಕಣ್ಣಿಗೆ ಕಾಣುವುದಿಲ್ಲ. ಮರುದಿನ ಆಯುಧಗಳಿಗೆ ಖಂಡೆ ಪೂಜೆ, ಅದರ ಮರುದಿನ ಬನ್ನಿ ಹಬ್ಬ. ಆ ಎರಡು ದಿನ ಅವರು ಪಾನಾ ಮುಟ್ಟುವವರಲ್ಲ. ರವಿವಾರ ಬೆಲ್ಟು ಹಾಕಿ ಸೋಮವಾರಕ್ಕೆ ಗಾಡಿ ಕೊಡುತ್ತೇನೆ ಎಂದು ಹೇಳಿ ಹಬ್ಬಕ್ಕೆ ತಮ್ಮ ಊರು ಬಬಲೇಶ್ವರಕ್ಕೆ ಹೋದರು.

ಇನ್ನು ನನ್ನ ಪ್ರತಾಪ ಕೇಳಿ. ಖಂಡೆ ಪೂಜೆಯ ದಿನ ಊರಿನ ಗಾಡಿಗಳೆಲ್ಲ ಹೂ ಮುಡಿದು ನಿಂತಿವೆ. ನಮ್ಮ ಗಾಡಿ ಮಾತ್ರ ಶೆಡ್ಡಿನಲ್ಲಿ ಎದೆ ತೆರೆದುಕೊಂಡು ಬಿದ್ದಿದೆ. ಮನಸ್ಸು ತಡೆಯಲಿಲ್ಲ. ಆರತಿ ತಟ್ಟೆ ಹಿಡಿದು ಹೋದೆ. ಬಾಗಿಲಿಗೆ ಬರೀ ಚಿಲಕ. ಸ್ಟೇರಿಂಗಿಗೆ, ಗಾಲಿಗೆ ವಿಭೂತಿ ಹಚ್ಚಿ ಹೂ ಇಟ್ಟೆ. ಆಮೇಲೆ ಆ ತೆರೆದ ಎಂಜಿನ್ನು ಕಣ್ಣಿಗೆ ಬಿತ್ತು. ಯಜಮಾನರ ತೋಳಿಗೆ ಸೂಜಿ ಚುಚ್ಚುವಾಗ ಆಗುವ ಸಂಕಟವೇ ಆಯಿತು. ಎಲ್ಲಕ್ಕೂ ಮೂಲ ಈ ಚಕ್ರವೇ ಅಂದಮೇಲೆ ಇದಕ್ಕೇ ಮೊದಲು ಹಚ್ಚಬೇಕಲ್ಲವೇ? ಜಿಡ್ಡಿನ ಮೇಲೆ ಹಚ್ಚಬಾರದೆಂದು ಅರಿವೆಯಿಂದ ಮೇಲಿನ ಚಕ್ರ ಚೆನ್ನಾಗಿ ಒರೆಸಿದೆ. ವಿಭೂತಿ ನೀರಲ್ಲಿ ನಾದಿ ಬೆರಳ ತುದಿಯಿಂದ ಚುಕ್ಕೆ ಇಟ್ಟೆ. ನಮ್ಮವರನ್ನು ಸುಖರೂಪ ಒಯ್ದು ತಾರಪ್ಪಾ ಎಂದು ಕೈಮುಗಿದೆ.

ರವಿವಾರ ಸಂಜೆ ಮಿಸ್ತ್ರಿ ಹೊಸ ಬೆಲ್ಟು ಹಾಕಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಬಿಳಿಗೆ ಬಿಳಿ ಕೂಡಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಕೂಡಿದ್ದನ್ನು ನೋಡಿ ಮುಚ್ಚಳ ಹಾಕಿದರು. ಚಾವಿ ತಿರುವಿದರು. ಎಂಜಿನ್ನು ಹೊತ್ತಿಕೊಂಡಿತು, ಆದರೆ ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಸುಮ್ಮನಾಗುವುದು, ಬಿಟ್ಟರೆ ಮತ್ತೆ ನಡುಕ. ಮಿಸ್ತ್ರಿಯ ಮುಖ ಬಾಡಿತು.  ಮರುದಿನ ಸೋಮವಾರ. ಡಯಾಲಿಸಿಸ್ ಒಂದು ಸರದಿ ತಪ್ಪಿದರೆ ಇವರಿಗೆ ಉಸಿರು ಕಟ್ಟುತ್ತದೆ.

ಏನೂ ಆಗುವುದಿಲ್ಲವಲ್ಲ ಎಂದು ಕೇಳಿದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಂಜಾನೆ ನಾನೂ ಕುಂಡ್ರತೇನಿ ಎಂದರು.

ಸೋಮವಾರ ಹೊರಟೆವು. ಸಿಗ್ನಲ್ಲಿಗೆ ನಿಂತಾಗೆಲ್ಲ ಗಾಡಿ ಗಡಗಡ ಅನ್ನುತ್ತಿತ್ತು, ಗಾಂಧಿ ಚೌಕದ ಗದ್ದಲದಲ್ಲಿ ಒಮ್ಮೆ ಆರಿಯೇ ಹೋಯಿತು. ಮತ್ತೆ ಹೊತ್ತಿಸಿದೆ. ಯಜಮಾನರನ್ನು ಒಳಗೆ ಬಿಟ್ಟು ಬಂದು ದವಾಖಾನೆಯ ಅಂಗಳದಲ್ಲಿ ಮಿಸ್ತ್ರಿಯ ಮೇಲೆ ರೇಗಿದೆ. ಸುಳ್ಳಾದರೂ ಸರಿ, ಒಂದು ಸಲ ಏನೂ ಆಗೂದಿಲ್ಲ ಅಂತ ಅಂದರೆ ನಿಮ್ಮ ಗಂಟೇನು ಹೋಗುತ್ತದೆ ಎಂದೆ. ಅವರು ಪಾನಾಗಳ ಚೀಲ ಕೆಳಗಿಟ್ಟರು. ಆಮೇಲೆ ಒಂದು ಮಾತು ಹೇಳಿದರು. ಹರೆಯದಲ್ಲಿ ಬಬಲೇಶ್ವರದಲ್ಲಿ ಜೀಪುಗಳ ಕೆಲಸ ಮಾಡುತ್ತಿದ್ದರಂತೆ. ಒಂದು ಸಂತೆಯ ದಿನ ಬ್ರೇಕು ಮೆತ್ತಗಾಗಿದೆ ಎಂದು ಡ್ರೈವರು ಜೀಪು ತಂದ. ಗಡಿಬಿಡಿಯಲ್ಲಿ ಬಗ್ಗಿ ನೋಡಿದವರು ಏನೂ ಆಗೂದಿಲ್ಲ, ಹೋಗು ಅಂದುಬಿಟ್ಟರು. ಸಂತೆ ಮುಗಿಸಿ ಊರಿಗೆ ಹೊರಟಿದ್ದ ಅವರ ಸ್ವಂತ ಅಕ್ಕ ಅದರಲ್ಲಿದ್ದಳು. ಆ ಜೀಪು ಊರು ಮುಟ್ಟಲಿಲ್ಲ.

ಮಂಗಳವಾರ, ಬುಧವಾರ ಅವರು ಬೇರೆ ಗಾಡಿ ಮುಟ್ಟಲಿಲ್ಲ. ಪ್ಲಗ್ಗು ಬಿಚ್ಚಿ ತಿಕ್ಕಿ ಹಾಕಿದರು. ಗಾಳಿಯ ಪೈಪುಗಳಿಗೆ ಸಾಬೂನು ನೀರು ಹಚ್ಚಿ ಎಲ್ಲಾದರೂ ಸೋರುತ್ತದೆಯೇ ನೋಡಿದರು. ಎಂಜಿನ್ನಿಗೆ ಗಾಳಿ ಬಿಡುವ ಬಾಯನ್ನು ಬಿಚ್ಚಿ ತೊಳೆದರು, ಬ್ಯಾಟರಿಯ ವಾಯರು ತೆಗೆದಿಟ್ಟು ಮತ್ತೆ ಹಚ್ಚಿದರು. ಪ್ರತಿ ಸಲವೂ ಚಾವಿ ತಿರುವಿ, ಬರಿಗಾಲು ತಳಕ್ಕಿಟ್ಟು ಕಣ್ಣು ಮುಚ್ಚಿ ಕೂರುವರು. ನಡುಕ ಹಾಗೇ ಇತ್ತು. ಕೊನೆಗೆ ಬುಧವಾರ ಸಂಜೆ, ಮೊದಲೇ ನೋಡಿದ್ದರೂ ಮತ್ತೊಮ್ಮೆ ನೋಡುತ್ತೇನೆಂದು ಮೇಲಿನ ಮುಚ್ಚಳ ತೆಗೆದರು. ಟಾರ್ಚು ಹಿಡಿದು ನನ್ನನ್ನು ಕರೆದರು.

"ಇಲ್ಲಿ ನೋಡ್ರಿ ಅಕ್ಕೋರ. ಬಿಳಿಗೆ ಬಿಳಿ ಕೂಡೈತಿ. ಹಲ್ಲು ತಪ್ಪಿಲ್ಲ. ಮತ್ತ ಯಾಕ ನಡಗತೈತಿ, ನನಗ ತಿಳೀವಲ್ದು."

ಬಗ್ಗಿ ನೋಡಿದೆ. ಎಂಜಿನ್ನಿನ ಮೈಮೇಲೆ ಕಡ್ಡಿಯಿಂದ ಇಟ್ಟ ಸಣ್ಣ ಸುಣ್ಣದ ಗುರುತು. ಅದರ ಎದುರಿಗೆ ಚಕ್ರದ ಹಲ್ಲಿನ ಮೇಲೆ ಇನ್ನೊಂದು ಬಿಳಿ ಚುಕ್ಕೆ. ಅದು ಕಡ್ಡಿಯದಲ್ಲ, ಬೆರಳಿನದು. ನನ್ನ ಬೆರಳಿನ ಗೆರೆಗಳು ಕೂಡ ಒಣಗಿ ಕೂತಿದ್ದವು. ಒರೆಸುವಾಗ ಅವರ ಸುಣ್ಣ ಅಳಿಸಿ, ಪಕ್ಕದ ಹಲ್ಲಿಗೆ ನನ್ನ ವಿಭೂತಿ ಹಚ್ಚಿದ್ದೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆ ಅಂತ ಮಾತ್ರ ತಿಳಿಯಬೇಡಿ, ಅದೂ ಇತ್ತು. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದು. ದೇವರ ಹೆಸರಲ್ಲಿ ನಮ್ಮವರ ಜೀವಕ್ಕೆಂದು ಹಚ್ಚಿದ ವಿಭೂತಿ ಅದು. ಅದರಿಂದಲೇ ಕೆಟ್ಟಿತು ಎಂದು ಬಾಯಿಬಿಟ್ಟು ಅಂದರೆ, ಅದನ್ನು ಒರೆಸಿ ಹಾಕಿದರೆ, ಅವರಿಗೇನಾದರೂ ಆದರೆ? ಓದಿದವಳು ನಾನು, ವಿಜ್ಞಾನ ಕಲಿಸಿದವಳು. ನಗುವುದಾದರೆ ನಗಿ. ಆಗ ಮಾತ್ರ ನಾಲಿಗೆ ಹೊರಳಲಿಲ್ಲ. ಅವರು ಮುಚ್ಚಳ ಹಾಕಿದರು.

ಗುರುವಾರ ಮತ್ತೆ ಮೂವರೂ ಹೊರಟೆವು. ಹೋಗುವಾಗ ಹೇಗೋ ಮುಟ್ಟಿದೆವು. ಬರುವಾಗ ಮಧ್ಯಾಹ್ನ, ತೊರವಿ ದಾಟಿದ ಮೇಲೆ, ಎದುರಿಗೆ ದನ ಅಡ್ಡ ಬಂತೆಂದು ವೇಗ ಇಳಿಸಿದೆ. ಗಾಡಿ ಎರಡು ಸಲ ಜಗ್ಗಿ ನಡುರಸ್ತೆಯಲ್ಲೇ ಆರಿತು. ಹಿಂದೆ ಲಾರಿಯೊಂದು ಹಾರ್ನ್ ಒತ್ತಿ ಹಿಡಿದಿತ್ತು. ಚಾವಿ ತಿರುವಿದೆ, ಹೊತ್ತಲಿಲ್ಲ. ಮತ್ತೆ ತಿರುವಿದೆ. ಹಿಂದಿನ ಸೀಟಿನಲ್ಲಿ ಯಜಮಾನರು ಪಟ್ಟಿ ಕಟ್ಟಿದ ತೋಳು ಎದೆಗವಚಿಕೊಂಡು ಕಣ್ಣು ಮುಚ್ಚಿದ್ದರು. ಕರೆದರೆ ಹೂಂ ಅನ್ನಲಿಲ್ಲ. ಮೂರನೇ ಸಲ ಚಾವಿಗೆ ಕೈ ಹಾಕಿದಾಗ ಮಿಸ್ತ್ರಿ ನನ್ನ ಮಣಿಕಟ್ಟು ಹಿಡಿದರು. 

"ಬ್ಯಾಡ್ರಿ. ಇನ್ನ ತಿರುವಬ್ಯಾಡ್ರಿ. ಒಳಗೇನು ನಡದೈತೋ ನನಗ ಗೊತ್ತಿಲ್ಲ."

ಆ ಮನುಷ್ಯನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಮಿಸ್ತ್ರಿ, ಚಕ್ರದ ಮ್ಯಾಲಿನ ಗುರುತು ಸುಣ್ಣ ಅಲ್ಲರಿ. ವಿಭೂತಿ. ಖಂಡೆ ಪೂಜಾ ದಿನ ನಾ ಹಚ್ಚೀನಿ. ನಿಮ್ಮ ಸುಣ್ಣ ಒರಿಸಿ ಹಚ್ಚೀನಿ."

ಲಾರಿ ನಮ್ಮನ್ನು ಬೈದುಕೊಂಡು ಪಕ್ಕಕ್ಕೆ ಸರಿದು ಹೋಯಿತು. ಮಿಸ್ತ್ರಿ ತಮ್ಮ ಪಾದಗಳನ್ನೇ ನೋಡುತ್ತ ಕೂತಿದ್ದರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ನಿನ್ನೆ ಎಂದೆ.

"ನಿನ್ನಿ ಗೊತ್ತಾಗೈತಿ. ಗೊತ್ತಿದ್ದೂ ಇವತ್ತ ಅವರನ್ನ ಹಿಂದ ಕುಂಡ್ರಿಸಿಕೊಂಡ ಬಂದೀರಿ."

ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ತಿರುಗಿ ಅನ್ನುತ್ತಿದ್ದೆ. ಅವರು ಸಿಟ್ಟು ಮಾಡಲಿಲ್ಲ. ನಾನು ಅಳುತ್ತ ದೇವರು, ವಿಭೂತಿ, ಅಂಜಿಕೆ ಎಂದೆಲ್ಲ ತೊದಲಿದೆ. ಪೂರ್ತಿ ಕೇಳಿಕೊಂಡರು.

"ಅಂಜಿದವರು ಬಾಯಿ ತಗೀಬೇಕ್ರಿ ಅಕ್ಕೋರ. ಬಾಯಿ ಮುಚ್ಚಿಕೊಂಡ ಕುಂತ್ರ ಅದರಿಂದ ಯಾರ ಜೀವಾನೂ ಉಳಿಯೂದಿಲ್ಲ." ಆಮೇಲೆ ತಪ್ಪು ತಮ್ಮದೂ ಇದೆ ಎಂದರು. ಸುಣ್ಣ ಮುಟ್ಟಿದರೆ ಬೆರಳಿಗೆ ಚುರುಗುಟ್ಟುತ್ತದೆ, ವಿಭೂತಿ ತಣ್ಣಗಿರುತ್ತದೆ. ಮುಟ್ಟಿ ನೋಡದೆ ಬಿಟ್ಟದ್ದು ತಮ್ಮ ತಪ್ಪಂತೆ.

ಅಷ್ಟರಲ್ಲಿ ಯಜಮಾನರು ಕಣ್ಣು ತೆರೆದು ಊರು ಬಂತೇನು ಎಂದು ಕೇಳಿದರು. ಅವರ ಧ್ವನಿ ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಮಿಸ್ತ್ರಿ ಕೆಳಗಿಳಿದು, ತಿಕೋಟಾ ಕಡೆ ಹೊರಟಿದ್ದ ಜೀಪೊಂದನ್ನು ಕೈ ಮಾಡಿ ನಿಲ್ಲಿಸಿ, ಮುಂದಿನ ಸೀಟು ಬಿಡಿಸಿ ನಮ್ಮಿಬ್ಬರನ್ನು ಕೂರಿಸಿ ಕಳಿಸಿದರು. ತಾವು ಗಾಡಿಯ ಹತ್ತಿರ ಬಿಸಿಲಲ್ಲಿ ನಿಂತರು. ಹೊತ್ತು ಮುಳುಗುವ ಮೊದಲು ಗಾಡಿ ನಮ್ಮ ಮನೆ ಮುಂದೆ ಬಂತು. ಚುಕ್ಕೆ ಒರೆಸಿ, ಕಂಪನಿಯ ಗುರುತು ಬೆರಳಿನಿಂದ ತಡವಿ ಹುಡುಕಿ, ರಸ್ತೆ ಬದಿಯಲ್ಲೇ ಬೆಲ್ಟನ್ನು ಒಂದು ಹಲ್ಲು ಸರಿಸಿ ಹಾಕಿದ್ದರು. ಎಂಜಿನ್ನು ಚಾಲೂ ಇಟ್ಟು, ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಡಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ನನ್ನಿಂದ ವಿಭೂತಿ ತರಿಸಿ ಬಾನೆಟ್ಟಿಗೆ ಹಚ್ಚಿಸಿದರು. ಒಳಗೆ ನನ್ನ ಗುರುತು, ಹೊರಗೆ ನಿಮ್ಮದು ಎಂದರು. ಆ ದಿನದಿಂದ ಅವರು ಸುಣ್ಣ ಹಚ್ಚುವುದು ಬಿಟ್ಟು ಮೊಳೆಯಿಂದ ಗೀರು ಹಾಕುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ತೊರವಿಯ ಹತ್ತಿರ ನಮ್ಮ ಗಾಡಿ ನಿಂತದ್ದನ್ನು, ಮಿಸ್ತ್ರಿ ರಸ್ತೆಯಲ್ಲಿ ಬೆಲ್ಟು ಬಿಚ್ಚಿದ್ದನ್ನು ಹೋಗಿಬರುವ ಹತ್ತು ಜನ ನೋಡಿದ್ದರು. ಅಂಜುಬುರುಕ ಬೆಲ್ಟು ತಪ್ಪು ಹಾಕಿದ, ಕಣ್ಣು ಮಂಜಾಗಿವೆ ಎಂಬ ಸುದ್ದಿ ಊರು ಸುತ್ತಿತು. ಶೆಡ್ಡಿನ ಮುಂದೆ ನಿಲ್ಲುವ ಗಾಡಿ ಕಡಿಮೆಯಾದವು. ಕಾಯಿಪಲ್ಲೆ ತರುವಲ್ಲಿ, ಮದುವೆ ಮನೆಯಲ್ಲಿ ನನ್ನನ್ನೇ ಕೇಳಿದವರಿದ್ದಾರೆ, ಹೌದೇನ್ರಿ ಅಕ್ಕೋರ, ಭಾಳ ಅಂಜಿದಿರಂತಲ್ಲ ಎಂದು. ಅಂಜಿದ್ದು ಹೌದು ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಮಿಸ್ತ್ರಿ ತಾವಾಗಿ ಯಾರಿಗೂ ಹೇಳಲಿಲ್ಲ. ಅವರ ಹತ್ತಿರ ಹೋದಾಗೆಲ್ಲ ನಾಳೆ ಎಲ್ಲರಿಗೂ ಹೇಳಿಬಿಡುತ್ತೇನೆ ಎನ್ನುತ್ತಿದ್ದೆ. ಮೊದಲು ಯಜಮಾನರನ್ನ ನೋಡ್ರಿ ಎಂದು ಮಾತು ತಿರುಗಿಸುತ್ತಿದ್ದರು.

ಹೋದ ಬೇಸಿಗೆಯ ಒಂದು ಮುಂಜಾನೆ ಅವರ ಹೆಂಡತಿ ಓಡೋಡಿ ಬಂದರು. ಮಿಸ್ತ್ರಿಗೆ ಎದೆ ಹಿಡಿದಿತ್ತು. ಇಬ್ಬರೂ ಸೇರಿ ಕಾರಿಗೆ ತಂದು ಎಡಗಡೆ ಸೀಟಿನಲ್ಲಿ ಕೂರಿಸಿದೆವು. ಬೆವರು ಹರಿಯುತ್ತಿದ್ದರೂ ಚಪ್ಪಲಿ ಕಳಚಿ ಬದಿಗೆ ಸರಿಸಿ ಅಂಗಾಲು ತಳಕ್ಕಿಟ್ಟರು. ಅಷ್ಟು ಜೋರಾಗಿ ನಾನು ಎಂದೂ ಗಾಡಿ ಓಡಿಸಿರಲಿಲ್ಲ. ತೊರವಿ ಬಂದಾಗ ಅವರು ನನ್ನ ಕಡೆ ಹೊರಳಿದರು.

"ಅಕ್ಕೋರ, ಏನೂ ಆಗೂದಿಲ್ಲ ಅಂತ ಒಂದ ಸಲ ಅನ್ರಿ."

ಆ ಜೀಪಿನ ದಿನದ ನಂತರ ಎಂದೂ ಆ ಮಾತು ಆಡದಿದ್ದ ಮನುಷ್ಯ ಅದನ್ನು ಕೇಳುತ್ತಿದ್ದರು. ಇಂಜೆಕ್ಷನ್ನಿಗೆ ಹೆದರಿದ ಎಷ್ಟು ಮಕ್ಕಳಿಗೆ ನಾನು ಅದನ್ನು ಹೇಳಿಲ್ಲ! ಆಗ ಬಾಯಿಗೆ ಬರಲಿಲ್ಲ. ಅವರಿಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

"ನಾನೂ ಕುಂಡ್ರತೇನಿ, ನಡೀರಿ" ಎಂದೆ.

ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದವಾಖಾನೆಯ ಬಾಗಿಲಲ್ಲಿ ಸ್ಟ್ರೆಚರ್ ತಂದು ಅವರನ್ನು ಬರಿಗಾಲಲ್ಲೇ ಎತ್ತಿಕೊಂಡು ಹೋದರು. ಹಿಂದೆ ಓಡಿದೆ. ಗಾಜಿನ ಬಾಗಿಲಲ್ಲಿ ಸಿಸ್ಟರ್ ತಡೆದಳು, ಒಳಗೆ ಯಾರೂ ಕೂರುವ ಹಾಗಿಲ್ಲ ಎಂದಳು. ಅವರ ಹೆಂಡತಿಯೊಂದಿಗೆ ಹೊರಗಿನ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಡಾಕ್ಟರು ಬಂದು ಮಿಸ್ತ್ರಿ ಹೋದರೆಂದು ಹೇಳಿದರು.

ಅವರ ಹೆಂಡತಿ ಮಗಳ ಊರಿಗೆ ಹೋದರು, ಶೆಡ್ಡು ಖಾಲಿಯಾಯಿತು. ಚಪ್ಪಲಿ ನಮ್ಮ ಗಾಡಿಯಲ್ಲೇ ಉಳಿದಿವೆ. ಸೋಮವಾರ, ಗುರುವಾರ ತಿರುವುಗಳಲ್ಲಿ ಅವು ಜಾರಿ ಸದ್ದು ಮಾಡುತ್ತವೆ. ನಾನು ಬೆಚ್ಚಿಬಿದ್ದು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತೇನೆ. ಎಂಜಿನ್ನು ಇವತ್ತಿಗೂ ನಡುಗಿಲ್ಲ.

ನಾಳೆ ಸೋಮವಾರ. ಹೋಗುವ ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ಇಳಿಯುತ್ತೇನೆ. ಇಳಿಯುತ್ತೇನೆ ಅಂತ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಅಲ್ಲಿ ಮತ್ತೆ ಬಾಯಿ ಕಟ್ಟಿದರೆ ಎಂಬ ಅಂಜಿಕೆಗೇ ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ. ಆ ಚಕ್ರದ ಮೇಲಿನ ಚುಕ್ಕೆ ಇಟ್ಟದ್ದು ನನ್ನ ಬೆರಳು. ಮಿಸ್ತ್ರಿಯ ಕಣ್ಣು ಚೆನ್ನಾಗಿದ್ದವು.